ತಡವಾಗಿ ಬರುವ ಸಾಕ್ಷಿ

ಕೇಳುಗರಿಗೆ ನಮಸ್ಕಾರ.

1976ರ ಜುಲೈ ತಿಂಗಳು. ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಬೆಲ್ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ. ಮನೆಗೆ ಮರಳಿದವರಿಗೆ ಒಬ್ಬರಾದ ಮೇಲೊಬ್ಬರಿಗೆ ಜ್ವರ, ಕೆಮ್ಮು, ನ್ಯುಮೋನಿಯಾ. 200ಕ್ಕೂ ಜಾಸ್ತಿ ಜನ ಹಾಸಿಗೆ ಹಿಡಿದರು, 34 ಮಂದಿ ತೀರಿಕೊಂಡರು.

ತಿಂಗಳುಗಟ್ಟಲೆ ಕಾರಣ ಸಿಗಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಪ್ರಯೋಗಾಲಯದ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಕ್ರಿಸ್‌ಮಸ್ ಹೊತ್ತಿಗೆ ಹಳೆಯ ಸ್ಲೈಡುಗಳನ್ನು ಮತ್ತೆ ನೋಡಲು ಕೂತರು. ಕಡ್ಡಿಯಂಥ ಬ್ಯಾಕ್ಟೀರಿಯಾ ಕಣ್ಣಿಗೆ ಬಿತ್ತು. ಆದರೆ ಸುಮ್ನೆ ಅಲ್ಲಿದ್ದ ಮಾತ್ರಕ್ಕೆ ಅದೇ ಕಳ್ಳ ಅನ್ನೋಕಾಗುತ್ತಾ?

ಅದಕ್ಕೆ ರೋಗಿಗಳ ರಕ್ತವನ್ನೇ ಕೇಳಿದರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಇದೆಯಲ್ಲ, ಸೀರಂ, ಅದನ್ನು ಬ್ಯಾಕ್ಟೀರಿಯಾ ಇರುವ ಸ್ಲೈಡಿನ ಮೇಲೆ ಹಾಕುತ್ತಾರೆ. ಸೀರಂನಲ್ಲಿ ಪ್ರತಿಕಾಯ, ಅಂದರೆ ಆ ಬ್ಯಾಕ್ಟೀರಿಯಾದ ವಿರುದ್ಧ ಹೋರಾಡಲು ದೇಹ ತಯಾರಿಸಿದ ಪ್ರೋಟೀನು, ಇದ್ದರೆ ಅದು ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳುತ್ತದೆ. ತೊಳೆದರೂ ಹೋಗದು. ಮೇಲೆ ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಡ್ಡಿಗಳು ಹಸಿರಾಗಿ ಮಿನುಗುತ್ತವೆ. ಸೀರಂ ಅನ್ನು ಮತ್ತೆ ಮತ್ತೆ ತೆಳುವಾಗಿಸಿ, ಎಲ್ಲಿಯವರೆಗೆ ಮಿನುಗುತ್ತದೆ ಅಂತ ಅಳೆಯುತ್ತಾರೆ. ಕಾಯಿಲೆಯ ಶುರುವಿನಲ್ಲಿ ಒಮ್ಮೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ. ಎರಡನೇ ಸಲ ಅಳತೆ ನಾಲ್ಕು ಪಟ್ಟು ಏರಿದ್ದರೆ, ಕಳ್ಳ ಸಿಕ್ಕಿದ ಹಾಗೆ.

ಏರಿತ್ತು. 1977ರ ಜನವರಿಯಲ್ಲಿ ಸುದ್ದಿ ಹೊರಬಿತ್ತು. ಮುಂದೆ ಅದಕ್ಕೆ ಲೀಜನೆಲ್ಲಾ ಅಂತ ಹೆಸರಾಯಿತು.

ನನಗೆ ಇನ್ನೂ ರುಚಿಸುವುದು ಆಮೇಲಿನ ಕಥೆ. ಶೀತಪೆಟ್ಟಿಗೆಯಲ್ಲಿ ಹಳೆಯ ಸೀರಂಗಳಿದ್ದವು. 1965ರಲ್ಲಿ ವಾಷಿಂಗ್ಟನ್ನಿನ ಆಸ್ಪತ್ರೆಯೊಂದರಲ್ಲಿ ಹಬ್ಬಿದ್ದ ನ್ಯುಮೋನಿಯಾ, 1968ರಲ್ಲಿ ಪಾಂಟಿಯಾಕ್ ಊರಿನ ಜ್ವರ, ಎರಡೂ ಬಗೆಹರಿಯದೆ ಉಳಿದಿದ್ದವು. ಎರಡರ ಸೀರಂ ಕೂಡ ಮಿನುಗಿತು! ಪಾಂಟಿಯಾಕ್‌ನಲ್ಲಿ ಜ್ವರ ಹಬ್ಬಿದ್ದು ಎಲ್ಲಿ ಗೊತ್ತಾ? ಆರೋಗ್ಯ ಇಲಾಖೆಯ ಕಟ್ಟಡದಲ್ಲೇ.

ಹಳೆಯ ಲೆಕ್ಕ ಬಿಡಿಸಲು ಇದು ಬಲು ಚೆನ್ನ. ಇವತ್ತು ಕೆಮ್ಮುತ್ತಿರುವವರಿಗೆ ಮಾತ್ರ ಪ್ರತಿಕಾಯ ತಡವಾಗಿ ಬರುವ ಸಾಕ್ಷಿ. ಮೂರು ವಾರ ಕಾದು ಔಷಧಿ ಕೊಡೋಕಾಗಲ್ಲ ಅಲ್ವಾ? ಕ್ಷಯದಲ್ಲಂತೂ ಈ ಸಾಕ್ಷಿಯ ಮಾತು ನಂಬುವ ಹಾಗೇ ಇಲ್ಲ. ಕಾಯಿಲೆ ಇಲ್ಲದವರಿಗೆ ಇದೆ ಅನ್ನುತ್ತದೆ, ಇದ್ದವರಿಗೆ ಇಲ್ಲ ಅನ್ನುತ್ತದೆ. ಅಂಥ ರಕ್ತಪರೀಕ್ಷೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. 2012ರ ಜೂನ್‌ನಲ್ಲಿ ಭಾರತ ಸರ್ಕಾರ ಅದನ್ನು ನಿಷೇಧಿಸಿತು.

ಹಾಗಾಗಿ ಎರಡು ವಾರ ದಾಟಿದ ಕೆಮ್ಮಿಗೆ ವೈದ್ಯರು ರೋಗಾಣುವನ್ನೇ ಹುಡುಕಲು ಕಫ ಕೇಳಿದರೆ ಮುಖ ಸಿಂಡರಿಸಬೇಡಿ. ಬೆಳಗ್ಗೆ ಎದ್ದು, ಬಾಯಿ ಮುಕ್ಕಳಿಸಿ, ಎದೆಯ ಆಳದಿಂದ ಕೆಮ್ಮಿ ಡಬ್ಬಿಗೆ ತೆಗೆಯಿರಿ. ಬರೀ ಎಂಜಲು ಬೇಡ.

ನಮಸ್ಕಾರ.