ಸುಣ್ಣದ ಗಾರೆಯ ಮನೆ

ಗೇಟು ದಾಟಿ ಈಗ ನಾವು ಬಂದಿರುವುದು ಬೆಂಗಳೂರಿನ ದಂಡು ಪ್ರದೇಶದಲ್ಲಿರುವ ನಮ್ಮ ದೊಡ್ಡಪ್ಪನವರ ಮನೆಗೆ. 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಈ ಬಂಗಲೆಯನ್ನು ನಮ್ಮ ತಾತ ಕೊಂಡರು. ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಈ ವರಾಂಡದಲ್ಲಿ.

ಬ್ರಿಟಿಷರು 1809ರಲ್ಲಿ ಇಲ್ಲಿ ದಂಡನ್ನು ನೆಲೆಗೊಳಿಸಿದರು. 1831ರಲ್ಲಿ ಮೈಸೂರಿನ ಆಡಳಿತ ಅವರ ಕೈಸೇರಿ, ಕಮಿಷನರರು ಬೆಂಗಳೂರಿನಲ್ಲೇ ಕುಳಿತು ರಾಜ್ಯಭಾರ ನಡೆಸತೊಡಗಿದ ಮೇಲೆ, ತೋಟದ ನಡುವಿನ ಇಂಥ ಮನೆಗಳು ಒಂದೊಂದಾಗಿ ಎದ್ದವು. ಬಂಗಲೆ ಎಂಬ ಹೆಸರು ಬಂಗಾಳದಿಂದ ಬಂದದ್ದಾದರೂ, ಮುಖಮಂಟಪದ ಮೇಲೆ ಚೂಪಾಗಿ ಇಳಿಯುವ ಈ ಮರದ ಪಟ್ಟಿಗಳ ಹೊದಿಕೆ, ಅಂದರೆ ‘ಮಂಕಿ ಟಾಪ್’, ಬೆಂಗಳೂರಿನದೇ ಗುರುತು. ಅದು ಓರೆ ಬಿಸಿಲನ್ನೂ ಮಳೆಯ ಎರಚಲನ್ನೂ ತಡೆದು ಗಾಳಿಯನ್ನು ಒಳಗೆ ಬಿಡುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನಡುಮನೆಯ ಸೂರು. ದಯವಿಟ್ಟು ಮೇಲೆ ನೋಡಿ, ಇದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆಗಳನ್ನು ಹಾಯಿಸಿ, ತೆಳುವಾದ ಪುಟ್ಟ ಇಟ್ಟಿಗೆಗಳನ್ನು ಸುಣ್ಣದ ಗಾರೆ ಹಚ್ಚಿ ಅಂಚಿನ ಮೇಲೆ ನಿಲ್ಲಿಸಿ, ಒಂದು ಮೂಲೆಯಿಂದ ಓರೆಸಾಲಾಗಿ ಜೋಡಿಸುತ್ತಾ ಹೋಗುತ್ತಾರೆ. ಕೆಳಗೆ ಹಲಗೆಯ ಆಸರೆಯೇ ಬೇಕಿಲ್ಲ. ಗಾರೆ ಒಂದು ಇಟ್ಟಿಗೆಯನ್ನು ಇನ್ನೊಂದಕ್ಕೆ ಕಚ್ಚಿಸಿ ಹಿಡಿಯುತ್ತದೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿದ ಹಾಸು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಾ, ದಿನಗಟ್ಟಲೆ ಕೊಡತಿಯಿಂದ ಬಡಿದು ಅದನ್ನು ಗಟ್ಟಿ ಮಾಡಬೇಕು. ಸೂರಿನ ಕೆಳಗೇ ಇರುವ ಗವಾಕ್ಷಿಯಿಂದ ಬಿಸಿಗಾಳಿ ಹೊರಹೋಗುತ್ತದೆ. ಅದನ್ನು ತೆರೆಯುವ ಹಗ್ಗವನ್ನು ದೊಡ್ಡಮ್ಮ ಇಂದಿಗೂ ಗೋಡೆಯ ಈ ಹಿತ್ತಾಳೆ ಕೊಕ್ಕೆಗೆ ಎಂಟರ ಆಕಾರದಲ್ಲಿ ಸುತ್ತಿಡುತ್ತಾರೆ.

ಹಿತ್ತಲ ಕಡೆಯ ಗೋಡೆಯನ್ನು ತೋರಿಸಲು ಸಂಕಟವಾಗುತ್ತದೆ. ಹದಿನೈದು ವರ್ಷಗಳ ಹಿಂದೆ ರಿಪೇರಿಗೆ ಬಂದವರು ಇದಕ್ಕೆ ಸಿಮೆಂಟು ಮೆತ್ತಿದರು. ನೆಲದಿಂದ ಹೀರಿದ ತೇವವನ್ನು ಸುಣ್ಣದ ಗೋಡೆ ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟಿನ ಪದರ ಆ ದಾರಿಯನ್ನೇ ಮುಚ್ಚಿತು. ತೇವ ಒಳಗೇ ನಿಂತು, ಉಪ್ಪು ಹೂವಿನಂತೆ ಅರಳಿ, ಈಗ ಉಗುರು ತಾಗಿದರೂ ಇಟ್ಟಿಗೆ ಪುಡಿಯಾಗಿ ಉದುರುತ್ತದೆ.

“ಸುಣ್ಣಕ್ಕೂ ಸಿಮೆಂಟಿಗೂ ಆಗಿಬರೋದಿಲ್ಲ ಸ್ವಾಮಿ,” ಎಂದರು ಈಗಿನ ಮೇಸ್ತ್ರಿಗಳು. ಕಳೆದ ವಾರ ಅವರು ಆ ಪದರವನ್ನು ಕೆತ್ತಿ ತೆಗೆದಿದ್ದಾರೆ. ಚಳಿಗಾಲದ ಒಣಗಾಳಿಗೆ ಗೋಡೆ ಬರಿಮೈಯಲ್ಲೇ ಆರುತ್ತಿದೆ, ಬಾವಿಯ ಪಕ್ಕದ ತೊಟ್ಟಿಯಲ್ಲಿ ಸುಣ್ಣ ನೆನೆಯುತ್ತಿದೆ. ಹೊಸ ಗಾರೆ ಹಚ್ಚುವುದು ಶಿವರಾತ್ರಿ ಕಳೆದ ಮೇಲೆ.