ಟ್ಯೂಬಾ ಇಷ್ಟು ತಡವಾಗಿ ಹುಟ್ಟಿದ್ದು ಯಾಕೆ?

ಕೇಳುಗರೇ, ನಮಸ್ಕಾರ.

ಬ್ಯಾಂಡಿನ ಹಿತ್ತಾಳೆ ವಾದ್ಯಗಳಲ್ಲಿ ಎಲ್ಲಕ್ಕಿಂತ ದಪ್ಪಗಿರುವುದು ಟ್ಯೂಬಾ. ತೊಡೆ ಮೇಲಿಟ್ಟು, ತಬ್ಬಿಕೊಂಡು ಊದಬೇಕು. ನೋಡಿದರೆ ಹಳೇ ಕಾಲದ್ದು ಅನ್ನಿಸುತ್ತದೆ. ಪಿಟೀಲಿಗೆ ಹೋಲಿಸಿದರೆ ಇದು ಮಗು. ಹುಟ್ಟಿ ಇನ್ನೂ 200 ವರ್ಷ ತುಂಬಿಲ್ಲ!

ತಡವಾಗಲು ಕಾರಣ ನಮ್ಮ ಬೆರಳುಗಳು. ಮಂದ್ರದ ಸ್ವರ ಬೇಕಾದರೆ ಕೊಳವೆ ಉದ್ದ ಇರಬೇಕು. ಕೊಳವೆ ಉದ್ದವಾದಷ್ಟೂ ಸ್ವರ ಬದಲಿಸುವ ತೂತುಗಳ ನಡುವಿನ ಅಂತರ ಜಾಸ್ತಿ. ಕೈ ಎಟುಕಬೇಕಲ್ಲ?

1590ರ ಸುಮಾರಿಗೆ ಫ್ರಾನ್ಸಿನ ಓಸೇರ್ ಊರಿನಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರಂತೆ. ಮರದ ಕೊಳವೆಯನ್ನು ಹಾವಿನ ಹಾಗೆ ಬಳುಕಿಸಿ, ಮೇಲೆ ಚರ್ಮ ಸುತ್ತಿದರು. ಹೆಸರೂ ಸರ್ಪೆಂಟ್, ಅಂದರೆ ಸರ್ಪವೇ. ಆರು ತೂತುಗಳು. ಆದರೆ ಅವು ಇದ್ದದ್ದು ಬೆರಳಿಗೆ ಎಟುಕುವ ಕಡೆ, ಸ್ವರಕ್ಕೆ ಬೇಕಾದ ಕಡೆ ಅಲ್ಲ. ಶ್ರುತಿ ಸರಿಮಾಡುವ ಕೆಲಸವೆಲ್ಲ ತುಟಿಯ ಪಾಲಿಗೆ ಬಿತ್ತು. ಹಾಗಿದ್ದೂ ಚರ್ಚಿನ ಹಾಡುಗಾರರ ಜೊತೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಬಾಳಿತು. ಆಮೇಲೆ ಪ್ಯಾರಿಸ್ಸಿನಲ್ಲಿ ಆಫಿಕ್ಲೈಡ್ ಬಂತು, 1821ರಲ್ಲಿ ಪೇಟೆಂಟ್ ಆಯಿತು. ಹಿತ್ತಾಳೆ ಮೈ, ದೊಡ್ಡ ತೂತು, ಅವನ್ನು ಮುಚ್ಚಿ ತೆರೆಯಲು ಬೆರಳಿನಿಂದ ಒತ್ತುವ ಕೀಲಿಗಳು.

ಅಷ್ಟರಲ್ಲಿ ಜರ್ಮನ್ನರು ಬೇರೆಯೇ ದಾರಿ ಹಿಡಿದಿದ್ದರು. ತೂತು ಯಾಕೆ ಬೇಕು, ಕೊಳವೆಯನ್ನೇ ಉದ್ದ ಮಾಡಿದರಾಯಿತು! ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ 1818ರಲ್ಲಿ ಪೇಟೆಂಟ್ ಪಡೆದ ವಾಲ್ವ್ ಮಾಡುವುದು ಅದನ್ನೇ. ಒತ್ತಿದರೆ ಉಸಿರು ಒಂದು ಸುತ್ತು ಹೆಚ್ಚಿಗೆ ತಿರುಗಿ ಬರುತ್ತದೆ, ಸ್ವರ ಇಳಿಯುತ್ತದೆ. ಬರ್ಲಿನ್ನಿನ ಸೇನಾ ಬ್ಯಾಂಡಿನ ವೀಪ್ರೆಕ್ಟ್ ಮತ್ತು ವಾದ್ಯ ತಯಾರಕ ಮೋರಿಟ್ಜ್ ಇದನ್ನು ದಪ್ಪ ಕೊಳವೆಗೆ ಅಳವಡಿಸಿ, 1835ರ ಸೆಪ್ಟೆಂಬರ್ 12ರಂದು ಬಾಸ್ ಟ್ಯೂಬಾಗೆ ಪೇಟೆಂಟ್ ಪಡೆದರು. ಬಯಲಿನಲ್ಲಿ ನುಡಿಸುವ ಸೇನಾ ಬ್ಯಾಂಡಿಗೆ ಗಟ್ಟಿ ತಳದ ದನಿ ಬೇಕಿತ್ತು. ಟ್ಯೂಬಾ ಸಭಾಂಗಣದ ಕೂಸಲ್ಲ, ಪರೇಡಿನ ಕೂಸು.

ವಾಲ್ವಿನಲ್ಲೂ ಒಂದು ತಕರಾರಿತ್ತು. ಒಂದನ್ನು ಒತ್ತಿದಾಗಲೇ ಕೊಳವೆ ಉದ್ದವಾಗಿರುತ್ತದೆ. ಜೊತೆಗೆ ಇನ್ನೊಂದನ್ನೂ ಒತ್ತಿದರೆ, ಅದರ ಸುತ್ತು ಆ ಉದ್ದಕ್ಕೆ ಸಾಲದು. ಸ್ವರ ಚೂರು ಮೇಲೆ ನಿಲ್ಲುತ್ತದೆ. ಮಂದ್ರಕ್ಕೆ ಇಳಿದಷ್ಟೂ ಈ ಕಾಟ ಜಾಸ್ತಿ. ಬರ್ಲಿನ್ನಿನ ಟ್ಯೂಬಾದಲ್ಲಿ ಐದು ವಾಲ್ವ್ ಇದ್ದದ್ದು ಸುಮ್ನೆ ಅಲ್ಲ. ಮುಂದೆ 1874ರಲ್ಲಿ ಇಂಗ್ಲೆಂಡಿನ ಬ್ಲೇಕ್ಲಿ ಜಾಣತನ ತೋರಿಸಿದ. ಒಂದು ವಾಲ್ವಿನ ಸುತ್ತನ್ನು ತಿರುಗಿ ಉಳಿದ ವಾಲ್ವುಗಳ ಮೂಲಕವೇ ಹಾಯಿಸಿದ. ಜೊತೆಯಾಗಿ ಒತ್ತಿದಾಗ ಕಡಿಮೆ ಬಿದ್ದ ಉದ್ದ ತಾನಾಗಿಯೇ ಸೇರಿಕೊಳ್ಳುತ್ತದೆ. ಇಡೀ ಕಥೆಯಲ್ಲಿ ನನಗೆ ತುಂಬ ಹಿಡಿಸುವ ಯುಕ್ತಿ ಇದೇ.

ಟ್ಯೂಬಾ ಎಲ್ಲ ಕಡೆ ಒಂದೇ ಥರ ಬೆಳೆಯಲಿಲ್ಲ. ಅಮೆರಿಕದಲ್ಲಿ ಸೂಸಾ ಅವರ ಬ್ಯಾಂಡಿಗಾಗಿ 1890ರ ದಶಕದಲ್ಲಿ ಹೆಗಲಿಗೆ ಸುತ್ತಿಕೊಳ್ಳುವ ಸೂಸಾಫೋನ್ ಬಂತು. ಫ್ರೆಂಚರದ್ದು ಆರು ವಾಲ್ವಿನ ಪುಟ್ಟ ಟ್ಯೂಬಾ. ಮುಸೋರ್ಗ್‌ಸ್ಕಿಯ ಪಿಯಾನೋ ಕೃತಿಯೊಂದನ್ನು 1922ರಲ್ಲಿ ಆರ್ಕೆಸ್ಟ್ರಾಗೆ ಹೊಂದಿಸಿದ ಫ್ರೆಂಚ್ ಸಂಗೀತಗಾರ ರಾವೆಲ್, ಎತ್ತಿನ ಗಾಡಿಯ ಭಾಗವನ್ನು ಟ್ಯೂಬಾಗೆ ಕೊಟ್ಟ. ಅವನ ಮನಸ್ಸಿನಲ್ಲಿದ್ದದ್ದು ಆ ಪುಟ್ಟ ಟ್ಯೂಬಾ. ಈಗಿನ ದೊಡ್ಡ ಟ್ಯೂಬಾದಲ್ಲಿ ಅಷ್ಟು ಮೇಲಿನ ಸ್ವರ ನುಡಿಸುವುದು ಕಷ್ಟ. ಅದಕ್ಕೇ ಎಷ್ಟೋ ಕಡೆ ಆ ಭಾಗ ಬಂದಾಗ ವಾದಕರು ಟ್ಯೂಬಾ ಕೆಳಗಿಟ್ಟು ಅದರ ಚಿಕ್ಕ ರೂಪದಂತಿರುವ ಯೂಫೋನಿಯಂ ಎತ್ತಿಕೊಳ್ಳುತ್ತಾರೆ.