ಬಾಡಿಗೆ ಮನೆಗೆ ಮೊದಲ ಡಾನ್ಸ್ ಪೋಲ್: 25 ಸಾವಿರ ಅಂದುಕೊಂಡಿದ್ದೆ, ಆಗಿದ್ದು ಎಷ್ಟು?

ಬನ್ನಿ, ಮೊದಲು ಈ ಶಬ್ದ ಕೇಳಿ. ಜೇಡರ ಬಲೆ ತೆಗೆಯುವ ಕೋಲಿದೆಯಲ್ಲ, ಅದರ ಹಿಂಬದಿಯಿಂದ ಸೀಲಿಂಗ್ ತಟ್ಟುತ್ತಿದ್ದೇನೆ. ಇದು ಹಾಲ್. ಟೊಕ್ ಟೊಕ್ ಅಂತಿದೆ, ಒಳಗೆ ಟೊಳ್ಳು. ಈಗ ರೂಮಿಗೆ ಬಂದೆ. ದಪ್ ದಪ್. ಗೊತ್ತಾಯಿತಲ್ವಾ? ಹಾಲ್‌ನಲ್ಲಿರುವುದು ಫಾಲ್ಸ್ ಸೀಲಿಂಗ್. ರೂಮಿನಲ್ಲಿರುವುದು ಆರ್‌ಸಿಸಿ, ಅಂದರೆ ಗಟ್ಟಿ ಕಾಂಕ್ರೀಟ್. ಮನೆಗೆ ಪೋಲ್, ಅಂದರೆ ಹತ್ತಿ ಡಾನ್ಸ್ ಮಾಡುವ ಕಂಬ, ತರಬೇಕು ಅಂತ ಇರುವವರು ಫೋನ್ ತೆಗೆದು ರೇಟ್ ನೋಡುವುದಕ್ಕಿಂತ ಮೊದಲು ಈ ಕೋಲು ಹಿಡಿಯಿರಿ.

ಯಾಕೆ ಅಂದರೆ, ಬಾಡಿಗೆ ಮನೆಯಲ್ಲಿ ಡ್ರಿಲ್ ಮಾಡುವ ಹಾಗಿಲ್ಲ. ಸ್ಲ್ಯಾಬ್ ಒಳಗೆ ಕರೆಂಟ್ ಪೈಪ್ ಬೇರೆ ಓಡಿರುತ್ತದೆ. ಹಾಗಾಗಿ ನಮಗೆ ಆಗಿಬರುವುದು ಒತ್ತಡದ ಮೇಲೆ ನಿಲ್ಲುವ ಪೋಲ್. ಕೆಳಗೆ ತಿರುಗಿಸುತ್ತಾ ಹೋದರೆ ಅದು ಉದ್ದವಾಗುತ್ತದೆ, ನೆಲಕ್ಕೂ ತಾರಸಿಗೂ ನಡುವೆ ಬಿಗಿಯಾಗಿ ಕೂರುತ್ತದೆ. ಒಂದು ಸ್ಕ್ರೂ ಕೂಡ ಇಲ್ಲ. ಮೇಲಿರುವುದು ಫಾಲ್ಸ್ ಸೀಲಿಂಗ್‌ನ ಜಿಪ್ಸಮ್ ಬೋರ್ಡ್ ಆದರೆ ಅದು ಮುರಿದು ಬೀಳುತ್ತದೆ, ಜೊತೆಗೆ ನೀವೂ. ಇದರಲ್ಲಿ ನಡೆಯುತ್ತೆ ಬಿಡು ಅನ್ನುವ ಮಾತೇ ಇಲ್ಲ.

ಸರಿ, ಟೇಪ್ ಹಿಡಿದೆ. ನೋಡಿ, ಒಂಬತ್ತು ಅಡಿ ಎಂಟು ಇಂಚು. ನನ್ನ ಎಲ್ಲ ತಲೆನೋವೂ ಶುರುವಾಗಿದ್ದು ಈ ಎಂಟು ಇಂಚಿನಿಂದ.

ಒಳ್ಳೆ ಕಂಪನಿಯ ಸಾಮಾನ್ಯ ಪೋಲ್ ಸುಮಾರು ಒಂಬತ್ತು ಅಡಿಯವರೆಗೆ ಮುಟ್ಟುತ್ತದೆ. ಎಕ್ಸ್-ಪೋಲ್ ಅಂತ ಬ್ರಿಟನ್ನಿನ ಕಂಪನಿ ಇದೆಯಲ್ಲ, ಅವರ ಸ್ಟ್ಯಾಂಡರ್ಡ್ ಸೆಟ್ 2745 ಎಂ.ಎಂ.ವರೆಗೆ. ನಮ್ಮ ಕಡೆ ಹಳೆಯ ಮನೆಗಳು ಹತ್ತಡಿ ಎತ್ತರ ಇರುವುದೇ ಹೆಚ್ಚು. ಸೆಕೆಗೆ ಒಳ್ಳೆಯದು ಅಂತ ಎತ್ತರ ಮಾಡಿ ಕಟ್ಟಿಸಿದವರು ಪೋಲ್ ಬಗ್ಗೆ ಯೋಚಿಸಿರಲಿಲ್ಲ, ಪಾಪ. ಉಳಿದ ಎತ್ತರಕ್ಕೆ ಎಕ್ಸ್‌ಟೆನ್ಷನ್ ಅಂತ ಇನ್ನೊಂದು ತುಂಡು ಬೇರೆಯಾಗಿ ಕೊಳ್ಳಬೇಕು.

ನಾನು ಏನು ಮಾಡಿದೆ? ಎರಡು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ಹೆಸರಿಲ್ಲದ ಒಂದು ಪೋಲ್ ಕಂಡಿತು. 9,400 ರೂಪಾಯಿ. ಮೂರು ಮೀಟರ್‌ವರೆಗೆ ಬರುತ್ತದೆ, ಎಕ್ಸ್‌ಟೆನ್ಷನ್ ಬೇಕಿಲ್ಲ ಅಂತ ಬರೆದಿದ್ದರು. ತರಿಸಿಬಿಟ್ಟೆ. ಇಲ್ಲಿ ಕಾಣುತ್ತಿರುವುದು ಅವತ್ತಿನ ವಿಡಿಯೊ. ಡಬ್ಬ ಬಿಚ್ಚುತ್ತಿದ್ದೇನೆ, ಒಂದು, ಎರಡು, ಮೂರು... ಐದು ತುಂಡು. ಮೂರು ಮೀಟರ್ ಬರುವುದು ಹೀಗೆ! ಒಂದಕ್ಕೊಂದು ತಿರುಗಿಸಿ ಸೇರಿಸುವುದು.

ಈ ಜಾಯಿಂಟ್ ಹತ್ತಿರದಿಂದ ತೋರಿಸುತ್ತೇನೆ. ಉಗುರು ಹಿಡಿದು ಮೇಲಿನಿಂದ ಕೆಳಗೆ ಎಳೆಯುತ್ತಿದ್ದೇನೆ. ಟಕ್ ಅಂತ ಸಿಕ್ಕಿಕೊಂಡಿತು ನೋಡಿ. ಎರಡು ಪೈಪ್ ಸಮವಾಗಿ ಕೂತಿಲ್ಲ, ಅಂಚು ಎದ್ದಿದೆ. ಉಗುರಿಗೆ ಸಿಗುವ ಅಂಚು ತೊಡೆಗೆ ಸಿಗದೇ ಇರುತ್ತದಾ? ಪೋಲ್ ಮೇಲೆ ಕೂರುವುದು ಅಂದರೆ ಒಳತೊಡೆಯ ಚರ್ಮದಿಂದ ಹಿಡಿದು ಕೂರುವುದು. ಮೊದಲ ದಿನವೇ ಚರ್ಮ ಆ ಸಂದಿಯಲ್ಲಿ ಸಿಕ್ಕಿ, ಬಟಾಣಿ ಗಾತ್ರದ ರಕ್ತದ ಗುಳ್ಳೆ ಎದ್ದಿತು. ನೋವಿಗಿಂತ ಜಾಸ್ತಿ ಸಿಟ್ಟು ಬಂತು.

ನನ್ನ ತಮ್ಮ ಪೀಣ್ಯದಲ್ಲಿ ಮೆಷಿನ್ ಶಾಪ್‌ನಲ್ಲಿದ್ದಾನೆ. ಸಂಜೆ ಬರುವಾಗ ಪೈಪ್ ಅಳೆಯುವ ವರ್ನಿಯರ್ ತಂದ. ಪೋಲಿನ ಅಗಲ 45 ಎಂ.ಎಂ. ಅಂತ ಬರೆದಿದ್ದರು, ಒಂದು ತುಂಡು 44.6, ಪಕ್ಕದ್ದು 45.1. ಪೈಪಿನ ತಗಡಿನ ದಪ್ಪ ಬರೀ 1.2. "ಅಕ್ಕಾ, ಇದು ಬಟ್ಟೆ ನೇತುಹಾಕುವುದಕ್ಕೆ ಸಾಕು, ನೀನು ನೇತಾಡುವುದಕ್ಕಲ್ಲ" ಅಂದ. ಅವನು ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಇಟ್ಟಾಗ ಪಟ್ ಅಂತ ಅಂಟಿಕೊಂಡಿತು. 304 ಅನ್ನುವ ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ ಹಾಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಕ್ರೋಮ್ ಬಳಿದ ಕಬ್ಬಿಣ ಇದ್ದರೂ ತಪ್ಪಿಲ್ಲ, ಒಳ್ಳೊಳ್ಳೆ ಪೋಲ್‌ಗಳೂ ಹಾಗೇ ಇರುತ್ತವೆ. ಆದರೆ ಸ್ಟೇನ್‌ಲೆಸ್ ಅಂತ ಬರೆದು ಇದನ್ನು ಕೊಡುವುದು ಮೋಸ. ವಾಪಸ್ ಕಳಿಸುವುದಕ್ಕೆ ಹೋದರೆ ಡಬ್ಬ ಬಿಚ್ಚಿದ್ದೀರಿ ಅಂದರು. ಬಿಚ್ಚದೆ ಐದು ತುಂಡು ಅಂತ ಹೇಗೆ ಗೊತ್ತಾಗಬೇಕು? ಮೂರು ಸಲ ಪಿಕಪ್ ಕ್ಯಾನ್ಸಲ್ ಆಯಿತು. ಹನ್ನೊಂದನೇ ದಿನಕ್ಕೆ ದುಡ್ಡು ಬಂತು, ಕೊರಿಯರ್ ಚಾರ್ಜ್ 900 ಕಳೆದು. ಆ 900 ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಯ್ಯೋ, ಈ ಶಾಟ್ ಮುಗಿಯುತ್ತಾ ಬಂತು. ಸೈಜ್ ವಿಷಯ ಬೇಗ ಹೇಳಿಬಿಡುತ್ತೇನೆ. 45 ತಗೊಳ್ಳಿ. ಸ್ಪರ್ಧೆಗಳಲ್ಲೂ 45, ತುಂಬಾ ಕ್ಲಾಸ್‌ಗಳಲ್ಲೂ 45. ಕೈ ತುಂಬಾ ಚಿಕ್ಕದಿದ್ದರೆ 40. ಮನೆಯಲ್ಲಿ ಒಂದು, ಕ್ಲಾಸಿನಲ್ಲಿ ಇನ್ನೊಂದು ಆದರೆ ಕೈ ಗೊಂದಲಕ್ಕೆ ಬೀಳುತ್ತದೆ.

ಆಮೇಲೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋದೆ. ಈ ಗಲ್ಲಿ ನೋಡಿ, ಬರೀ ಪೈಪೇ ಪೈಪು, ಎಷ್ಟು ಚೆಂದ! ಇಲ್ಲಿಯೇ ಮಾಡಿಸಿದರೆ ಆರು ಸಾವಿರದಲ್ಲಿ ಮುಗಿಯುತ್ತದೆ ಅಂತ ನಾನು ಸ್ನೇಹಿತರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಈಗ ಆ ಮಾತು ವಾಪಸ್ ತಗೊಳ್ಳುತ್ತೇನೆ. ರೇಲಿಂಗ್‌ಗೆ ಹಾಕುವ ಪೈಪ್ ಸಿಗುವುದು ಒಂದೂವರೆ ಇಂಚು ಇಲ್ಲವೇ ಎರಡು ಇಂಚಿನಲ್ಲಿ, ಅಂದರೆ 38 ಅಥವಾ 50 ಎಂ.ಎಂ. ದಪ್ಪವೂ ಕಡಿಮೆ. ನಡುವೆ ಮನುಷ್ಯ ನೇತಾಡಿದರೆ ಬಾಗುತ್ತದೆ. ದಪ್ಪ ಪೈಪೇ ಕೊಡುತ್ತೇನೆ ಅಂದರು ಅಂಗಡಿಯವರು, ಆದರೆ ಮೇಲೆ ಫ್ಲ್ಯಾಂಜ್ ಅಂತ ತೂತಿರುವ ತಟ್ಟೆ ಹಾಕಿ ಸೀಲಿಂಗ್‌ಗೆ ಬೋಲ್ಟ್ ಹೊಡೆಯಬೇಕಂತೆ. ಸ್ವಂತ ಮನೆ ಇದ್ದು, ಗೊತ್ತಿರುವ ಮೇಸ್ತ್ರಿ ಇದ್ದರೆ ಯೋಚಿಸಿ. ನನಗೆ ಆಗುವುದಿಲ್ಲ.

ಕೊನೆಗೆ ಸಿಕ್ಕಿದ್ದು ನಮ್ಮ ಕ್ಲಾಸಿನಲ್ಲೇ. ಮನೆ ಖಾಲಿ ಮಾಡುತ್ತಿದ್ದ ಒಬ್ಬರು ಮೂರು ವರ್ಷ ಬಳಸಿದ ಎಕ್ಸ್-ಪೋಲ್ ಮಾರುತ್ತಿದ್ದರು. 26 ಸಾವಿರ. ಬಜೆಟ್ ಅಲ್ಲಿಗೇ ಮೀರಿತು. ಆದರೂ ಹೇಳುತ್ತೇನೆ, ಹೊಸ ಅಗ್ಗದ ಪೋಲ್‌ಗಿಂತ ಹಳೆಯ ಒಳ್ಳೆ ಪೋಲ್ ಸಾವಿರ ಪಾಲು ಮೇಲು. ನಾಳೆ ನನಗೆ ಬೇಡವಾದರೆ ಇದನ್ನು ಮಾರಬಹುದು. ಆ ಐದು ತುಂಡನ್ನು ಯಾರು ತಗೊಳ್ಳುತ್ತಾರೆ?

ಸೆಕೆಂಡ್ ಹ್ಯಾಂಡ್ ನೋಡುವಾಗ ಹೀಗೆ ಮಾಡಿ. ಒಂದು ಹತ್ತಿ ಉಂಡೆಯನ್ನು ಮೇಲಿನಿಂದ ಕೆಳಗೆ ಸವರಿ. ಕ್ರೋಮ್ ಎದ್ದಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ನಾಲ್ಕೂ ಕಡೆ ಸವರಿದೆ, ಎಲ್ಲೂ ಸಿಗಲಿಲ್ಲ. ತಿರುಗಿಸಿ ಜೋಡಿಸುವ ಥ್ರೆಡ್‌ನಲ್ಲಿ ತುಕ್ಕು ಇದೆಯಾ, ಸೀಲಿಂಗ್‌ಗೆ ಒತ್ತುವ ಮೇಲಿನ ಬಟ್ಟಲಿನ ರಬ್ಬರ್ ಬಿರುಕು ಬಿಟ್ಟಿದೆಯಾ, ತಿರುಗಿಸಿದರೆ ಬೇರಿಂಗ್ ಗರಗರ ಅನ್ನುತ್ತಾ ನೋಡಿ. ಇನ್ನೊಂದು, ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ನಿಮಗೆ ಕಿವಿ ಕೆರೆಯುತ್ತದಾ? ಹಾಗಾದರೆ ನಿಕಲ್ ಆಗದೆ ಇರಬಹುದು. ಕ್ರೋಮ್ ಕೆಳಗೂ ನಿಕಲ್ ಇರುತ್ತದೆ. ಕ್ಲಾಸಿನ ಪೋಲ್ ಮೇಲೆ ಮೈಯಲ್ಲಿ ಗಂದೆ ಏಳುತ್ತಾ ಅಂತ ಮೊದಲು ನೋಡಿಕೊಂಡು ಆಮೇಲೆ ದುಡ್ಡು ಕೊಡಿ.

ಎಕ್ಸ್‌ಟೆನ್ಷನ್ ಹೊಸದೇ ತಗೊಂಡೆ, 250 ಎಂ.ಎಂ.ದು. ಒಂದು ಮೊಳವೂ ಇಲ್ಲದ ಪೈಪಿಗೆ 6,500 ರೂಪಾಯಿ! ಜಾಸ್ತಿ ಅಲ್ವಾ? ಜಾಸ್ತಿಯೇ. ಆದರೆ ಅದು ಕೂರುವುದು ತೀರಾ ಮೇಲೆ, ಉಗುರಿಗೂ ಜಾಯಿಂಟ್ ಸಿಗುವುದಿಲ್ಲ. ಈಗ ನನಗೆ ಆ ದುಡ್ಡಿನ ಬಗ್ಗೆ ಬೇಜಾರಿಲ್ಲ. ಹೂಂ, ಸ್ವಲ್ಪ ಇದೆ.

ಇದು ಫ್ಯಾನ್ ಇಳಿಸುತ್ತಿರುವುದು. ರೂಮಿನ ಸರಿಯಾದ ಮಧ್ಯದಲ್ಲಿ, ಪೋಲ್ ಎಲ್ಲಿ ಬರಬೇಕೋ ಅಲ್ಲೇ ಫ್ಯಾನ್ ಇರುತ್ತದಲ್ಲ. ಸುತ್ತ ಐದಡಿ ಜಾಗ ಬೇಕು, ಕಾಲು ಚಾಚಿದಾಗ ಬೀರುವಿಗೆ ತಗುಲಬಾರದು. ಕೆಳಗಿನ ಮನೆ ಓನರ್ ಆಂಟಿಯನ್ನು ಕೇಳಿಯೇ ಮಾಡಿದ್ದು. ಗೋಡೆ ಫ್ಯಾನ್ ಮತ್ತು ಎಲೆಕ್ಟ್ರಿಷಿಯನ್ ಕೂಲಿ ಸೇರಿ 2,800. "ಕಂಬ ಜಾರಿ ನನ್ನ ತಲೆ ಮೇಲೆ ಬರಲ್ಲ ತಾನೇ" ಅಂತ ಆಂಟಿ ಕೇಳಿದರು. ಇಲ್ಲ ಆಂಟಿ, ಮೊದಲು ನೀವೇ ಹಿಡಿದು ಅಲ್ಲಾಡಿಸಿ ನೋಡಿ ಅಂದೆ. ನೋಡಿದರು. ಈಗ ದಿನಾ ಏನು ಕಲಿತೆ ಅಂತ ಕೇಳುತ್ತಾರೆ.

ಅಮ್ಮನಿಗೆ ಹೇಳುವುದು ಕಷ್ಟ ಅಂದುಕೊಂಡಿದ್ದೆ. ನಮ್ಮದು ಬಾಗಲಕೋಟೆ ಕಡೆ. ಚಿಕ್ಕವಳಿದ್ದಾಗ ತುಳಸಿಗೇರಿ ಹುಡುಗರು ಮಲ್ಲಕಂಬ ಆಡುವುದನ್ನು ಕಾಕಾ ಹೆಗಲ ಮೇಲೆ ಕೂತು ನೋಡಿದ್ದೇನೆ. ಮರದ ಕಂಬಕ್ಕೆ ಹರಳೆಣ್ಣೆ ಸವರಿರುತ್ತಾರೆ, ಆ ವಾಸನೆ ಈಗಲೂ ನೆನಪಿದೆ. ಕಬ್ಬಿಣದ ಪೋಲ್‌ಗೆ ಅದರ ತದ್ವಿರುದ್ಧ, ಬೆಳಿಗ್ಗೆ ಕೈಗೆ ಲೋಷನ್ ಹಚ್ಚಿದ್ದರೂ ಸಂಜೆ ಜಾರುತ್ತದೆ. ಫೋನಿನಲ್ಲಿ ಕಾಕಾ ಕೇಳಿದ್ದು ಒಂದೇ ಮಾತು: "ಮದಲ ಕಂಬ ಗಟ್ಟಿ ಐತೇನು ನೋಡು, ಆಮ್ಯಾಗ ಹತ್ತು." ಅಮ್ಮ ಅದರ ಮೇಲೆ ಏನೂ ಅನ್ನಲಿಲ್ಲ.

ಇದು ಮ್ಯಾಟ್. ಯೋಗಾ ಮ್ಯಾಟ್ ಹಾಕಿಕೊಂಡು ಹತ್ತಬೇಡಿ, ದಯವಿಟ್ಟು. ಕುಶನ್ ಅಂಗಡಿಯಲ್ಲಿ ನಾಲ್ಕು ಇಂಚಿನ ಗಟ್ಟಿ ಫೋಮ್ ತಗೊಂಡು, ಎರಡು ಹೋಳು ಮಾಡಿಸಿ, ರೆಕ್ಸಿನ್ ಹೊಲಿಸಿದೆ. 4,200. ಹೆಬ್ಬೆರಳಿಂದ ಒತ್ತಿದಾಗ ನೆಲ ಸಿಗಬಾರದು, ಅಂಥದ್ದು ಕೇಳಿ ತಗೊಳ್ಳಿ. ಮ್ಯಾಟ್ ಇದೆ ಅಂತ ಒಬ್ಬರೇ ಇದ್ದಾಗ ತಲೆಕೆಳಗಾಗುವುದು ಬೇಡ. ನಾನು ತಮ್ಮ ಬಂದ ಮೇಲೆಯೇ ಮಾಡುವುದು.

ಒಟ್ಟು ಹಾಕಿ ನೋಡಿ, 39,500. ಜೊತೆಗೆ ಆ 900.

ಸರಿ, ಕೂರಿಸುವುದನ್ನು ನೀವೇ ನೋಡುತ್ತಿದ್ದೀರಿ. ಕಂಬ ನೇರ ಇದೆಯಾ ಅಂತ ತೋರಿಸುವ ಈ ಹಳದಿ ರಸಮಟ್ಟ ಮೇಸ್ತ್ರಿಗಳ ಹತ್ತಿರ ಇರುವಂಥದ್ದೇ. ಒಂದು ಕಡೆ ಇಟ್ಟು ನೋಡಿದರೆ ಸಾಲದು, ಪಕ್ಕಕ್ಕೂ ಇಟ್ಟು ನೋಡಬೇಕು. ಇದು ಹಾಕಿ ಒಂದು ವಾರ ಆದ ಮೇಲಿನ ಶಾಟ್. ರಸಮಟ್ಟದ ಗಾಳಿಗುಳ್ಳೆ ಒಂದು ಕೂದಲೆಳೆಯಷ್ಟು ಎಡಕ್ಕೆ ಸರಿದಿದೆ, ಕಾಣುತ್ತಿದೆಯಾ? ರಬ್ಬರ್ ಒತ್ತಡಕ್ಕೆ ಕೂತುಕೊಳ್ಳುತ್ತದೆ, ಬಿಗಿ ಸ್ವಲ್ಪ ಸಡಿಲುತ್ತದೆ. ಅದಕ್ಕೇ ಹತ್ತುವ ಮೊದಲು ದಿನಾ ನೋಡುವುದು. ಮೊದಲು ಸ್ವಲ್ಪ ಸಡಿಲಿಸಿ ಬುಡ ನೇರ ಮಾಡಿಕೊಂಡೆ, ಈಗ ಬಿಗಿ ಮಾಡುತ್ತಿದ್ದೇನೆ. ಜಾಸ್ತಿ ಬಿಗಿದರೆ ಮೇಲಿನ ಗಾರೆ ಬಿರುಕು ಬಿಡುತ್ತದೆ, ಆಂಟಿಗೆ ಮಾತು ಕೊಟ್ಟಿದ್ದೇನೆ. ಹಾಂ, ಗುಳ್ಳೆ ನಡುವಿಗೆ ಬಂತು. ಕೈ ಒರೆಸಿಕೊಂಡು ಹತ್ತುತ್ತೇನೆ. ತಾಳಿ, ಫೋನ್ ಸ್ವಲ್ಪ ಹಿಂದಕ್ಕೆ ಇಡುತ್ತೇನೆ, ಕಾಲು ಫ್ರೇಮಿನಿಂದ ಆಚೆ ಹೋಗುತ್ತಿದೆ.